ಕಂಬದ ಮೇಲಿನ ಕ್ಯಾಮೆರಾ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೌರಫಲಕ ಹೊತ್ತ ಕಪ್ಪು ಕಂಬದ ಕ್ಯಾಮೆರಾ ವೇಗಕ್ಕೆ ದಂಡ ಹಾಕುತ್ತದೆ ಎಂದು ಗುಂಪಿನಲ್ಲಿ ಹರಿದಾಡುತ್ತಿರುವ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಅದು ವೇಗಕ್ಕೆ ದಂಡ ಹಾಕುವ ಯಂತ್ರವಲ್ಲ. ಹಾದುಹೋಗುವ ಕಾರಿನ ನಂಬರ್ ಪ್ಲೇಟ್, ಬಣ್ಣ, ಮಾದರಿ, ಸಮಯ ಎಲ್ಲವನ್ನೂ ದಾಖಲಿಸುವ ಸಾಧನ. ತಪ್ಪು ಮಾಡದವರ ಓಡಾಟವೂ ಅದರಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ದಂಡಕ್ಕಿಂತ ಇದೇ ದೊಡ್ಡ ವಿಷಯ.

ಕ್ಯಾಲಿಫೋರ್ನಿಯಾದ ನಮ್ಮ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ಜಿಲ್ಲೆಯಂಥ ಆಡಳಿತ ಘಟಕ) 2016ರಿಂದ ಒಂದು ಕಾನೂನಿದೆ. ಶೆರಿಫ್ ಕಚೇರಿ, ಅಂದರೆ ಕೌಂಟಿಯ ಪೊಲೀಸ್ ಇಲಾಖೆ, ಇಂಥ ಸಾಧನ ಕೊಳ್ಳುವ ಮೊದಲು ಬಳಕೆಯ ನಿಯಮ ಬರೆದು, ಕೌಂಟಿಯ ಚುನಾಯಿತ ಆಡಳಿತ ಮಂಡಳಿಯಾದ ಮೇಲ್ವಿಚಾರಕರ ಮಂಡಳಿಯ ಬಹಿರಂಗ ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಆ ಕಾನೂನು ಬರುವ ಹಿಂದಿನ ವರ್ಷವಷ್ಟೇ, 2015ರಲ್ಲಿ, ಮೊಬೈಲ್ ಟವರಿನ ಸೋಗು ಹಾಕಿ ಫೋನ್ ಪತ್ತೆ ಹಚ್ಚುವ ‘ಸ್ಟಿಂಗ್‌ರೇ’ ಖರೀದಿ ಇಲ್ಲಿ ಮುರಿದುಬಿದ್ದಿತ್ತು. ತಯಾರಕರು ಬಯಸಿದ ಗುಟ್ಟಿಗೂ ಕೌಂಟಿಯ ದಾಖಲೆ ನಿಯಮಕ್ಕೂ ತಾಳೆಯಾಗಲಿಲ್ಲ.

ಆದರೆ ನಗರ ಪೊಲೀಸರಿಗೆ ಈ ಕಾನೂನು ಅನ್ವಯಿಸದು. ಸ್ಯಾನ್ ಹೋಸೆ, ಸನಿವೇಲ್‌ನವರು ತಮ್ಮ ನಗರಸಭೆಯನ್ನೇ ಕೇಳಬೇಕು. ಈ ಮಾಹಿತಿ ಒಕ್ಕೂಟ ಸರ್ಕಾರದ ಕೈಗೆ ಹೋಗುತ್ತದೆಯೇ ಎಂಬ, ವೀಸಾ ಮೇಲಿರುವ ಗೆಳೆಯರ ಪ್ರಶ್ನೆಗೆ: ನಂಬರ್ ಪ್ಲೇಟ್ ಮಾಹಿತಿಯನ್ನು ಪೊಲೀಸರು ಹೊರರಾಜ್ಯದ ಅಥವಾ ಒಕ್ಕೂಟ ಸರ್ಕಾರದ ಸಂಸ್ಥೆಗಳಿಗೆ ಕೊಡುವುದನ್ನು ಕ್ಯಾಲಿಫೋರ್ನಿಯಾ ಕಾನೂನು ತಡೆಯುತ್ತದೆ. ಪಾಲನೆ ಹೇಗಿದೆಯೆಂದು ಸಾರ್ವಜನಿಕ ದಾಖಲೆ ಕಾನೂನಿನಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು, ಪೌರತ್ವ ಬೇಕಿಲ್ಲ. ಅರ್ಜಿಯ ಕರಡು ನನ್ನ ಬಳಿ ಇದೆ. ಬೇಕಾದವರು ಗುಂಪಿನಲ್ಲಲ್ಲ, ನನಗೇ ಸಂದೇಶ ಕಳುಹಿಸಿ.