ಹತ್‌ಶೆಪ್ಸುತ್‌ಗೆ ಒಂದು ಪುಟ ಕೊಡಿಸಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಪಠ್ಯಪುಸ್ತಕ ಪರಿಷ್ಕರಣೆ ಅಂದ ಕೂಡಲೇ ನಮ್ಮಲ್ಲಿ ಯಾರ ಪಾಠ ಹೋಯಿತು, ಯಾರದ್ದು ಬಂತು ಅನ್ನುವ ಗದ್ದಲವೇ ಜಾಸ್ತಿ. ನನ್ನದು ಸಣ್ಣ ಬೇಡಿಕೆ. ಈಜಿಪ್ಟ್ ಅಂದರೆ ಮಕ್ಕಳಿಗೆ ಪಿರಮಿಡ್, ಮಮ್ಮಿ, ನೈಲ್ ನದಿ. ಮುಂದಿನ ಸಲ ಪುಸ್ತಕ ತಿದ್ದುವಾಗ ಹತ್‌ಶೆಪ್ಸುತ್ ಎಂಬ ರಾಣಿಗೂ ಒಂದು ಪುಟ ಕೊಡಿಸಿ. ಆಕೆ ಏನು ಮಾಡಿದಳು ಅನ್ನುವುದರ ಜೊತೆಗೆ, ಇತಿಹಾಸಕಾರರು ಆಕೆಯನ್ನು ಏನು ಮಾಡಿದರು ಅನ್ನುವುದೂ ಅಲ್ಲಿರಲಿ.

ಕ್ರಿ.ಪೂ. 15ನೇ ಶತಮಾನದ ಮಾತು. ಗಂಡ ಎರಡನೇ ಥುಟ್ಮೋಸ್ ತೀರಿಕೊಂಡ. ಇನ್ನೊಬ್ಬ ಹೆಂಡತಿಯ ಮಗ ಮೂರನೇ ಥುಟ್ಮೋಸ್ ಇನ್ನೂ ಚಿಕ್ಕವನು. ಅವನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದವಳು ಅವನ ಆಳ್ವಿಕೆಯ ಏಳನೇ ವರ್ಷದ ಹೊತ್ತಿಗೆ ತಾನೇ ಫೇರೋ, ಅಂದರೆ ಈಜಿಪ್ಟಿನ ದೊರೆ, ಆಗಿದ್ದಳು. ಸುಮಾರು 20 ವರ್ಷ ಅಧಿಕಾರ ಅವಳ ಕೈಯಲ್ಲಿತ್ತು. ಪುಂಟ್ ದೇಶಕ್ಕೆ ಹಡಗು ಕಳಿಸಿ ಧೂಪದ ಮರಗಳನ್ನು ಬೇರು ಸಮೇತ ಬುಟ್ಟಿಯಲ್ಲಿಟ್ಟು ತರಿಸಿದಳು. ಆಳುಗಳು ಆ ಬುಟ್ಟಿಗಳನ್ನು ಹೊತ್ತು ಬರುವ ಚಿತ್ರ ದೇರ್ ಎಲ್ ಬಹ್ರಿಯಲ್ಲಿರುವ ಅವಳ ದೇವಾಲಯದ ಗೋಡೆ ಮೇಲೆ ಇವತ್ತಿಗೂ ಇದೆ. ಅವಳ ಎಷ್ಟೋ ಶಿಲ್ಪಗಳಲ್ಲಿ ರಾಜರ ಹಾಗೆ ಗಡ್ಡವಿದೆ. ಪಕ್ಕದ ಬರಹದಲ್ಲಿ ಮಾತ್ರ ಅನೇಕ ಕಡೆ ಸ್ತ್ರೀಲಿಂಗವೇ. ಅಂದರೆ ಹೆಣ್ಣು ಅನ್ನುವುದನ್ನು ಮುಚ್ಚಿಟ್ಟು ಯಾರಿಗೂ ಮೋಸ ಮಾಡಲು ಹೊರಟಿರಲಿಲ್ಲ, ಅಲ್ವಾ?

ಅವಳು ಸತ್ತ ಮೇಲೆ ಅವಳ ಹೆಸರು, ಚಿತ್ರಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಇದನ್ನು ನೋಡಿ ಹಳೆಯ ವಿದ್ವಾಂಸರು ಒಂದು ಕಥೆ ಕಟ್ಟಿದರು: ಸಿಂಹಾಸನ ಕಸಿದ ಮಲತಾಯಿ, ಹಲ್ಲು ಕಚ್ಚಿಕೊಂಡು ಕಾದ ಮಲಮಗ, ಕೊನೆಗೆ ಸೇಡು. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನ ವಿಲಿಯಂ ಹೇಯ್ಸ್ 1950ರ ದಶಕದಲ್ಲಿ ಅವಳನ್ನು ಜಂಭದ, ನೀತಿಗೆಟ್ಟ ಹೆಂಗಸು ಎಂದೇ ಬರೆದರು. ಗಂಡಸಿನ ಬೆಂಬಲವಿಲ್ಲದೆ ಹೆಣ್ಣೊಬ್ಬಳು ಅಷ್ಟೆತ್ತರಕ್ಕೆ ಏರುವುದುಂಟೇ ಎಂಬುದು ಈಜಿಪ್ಟ್ ತಜ್ಞ ಅಲನ್ ಗಾರ್ಡಿನರ್ ಅವರ ಧಾಟಿ. ಆ ಗಂಡಸಿನ ಜಾಗಕ್ಕೆ ಅವಳ ಅಧಿಕಾರಿ ಸೆನೆನ್ಮುತ್ ಸಿಕ್ಕಿದ. ಅವನು ಅವಳ ಪ್ರಿಯಕರ ಎಂದು ಸುಮ್ನೆ ಊಹಿಸಿದ್ದೂ ಆಯಿತು. (ರಾಜರ ಮಂತ್ರಿಗಳ ಬಗ್ಗೆ ಈ ಕುತೂಹಲ ಯಾಕೋ ಕಾಣುವುದಿಲ್ಲ.)

ಆದರೆ ಕಲ್ಲು ಬೇರೆಯೇ ಹೇಳುತ್ತಿತ್ತು. ಕೆತ್ತಿ ಅಳಿಸುವ ಕೆಲಸ ನಡೆದದ್ದು ಅವಳು ಹೋಗಿ ಸುಮಾರು 20 ವರ್ಷವಾದ ಮೇಲೆ ಎಂದು 1966ರಲ್ಲಿ ಈಜಿಪ್ಟ್ ತಜ್ಞ ಚಾರ್ಲ್ಸ್ ನಿಮ್ಸ್ ತೋರಿಸಿದರು. ಸಿಟ್ಟಿನಲ್ಲಿ ಕುದಿಯುತ್ತಿದ್ದವನು ಅಷ್ಟು ಕಾಲ ಯಾಕೆ ಸುಮ್ಮನಿದ್ದ? ಅವಳ ಕಾಲದಲ್ಲೇ ದೊಡ್ಡವನಾಗಿ ಸೈನ್ಯದ ನಂಟು ಇದ್ದ ಹುಡುಗ ದಂಗೆ ಏಳಲಿಲ್ಲವಲ್ಲ? ತನ್ನ ಮಗನಿಗೆ ಪಟ್ಟದ ದಾರಿ ಸಲೀಸಾಗಲಿ ಎಂಬ ಲೆಕ್ಕಾಚಾರ ಇದ್ದಿರಬಹುದು ಎನ್ನುವವರು ಈಗ ಹೆಚ್ಚು. ಅವಳ ಒಡೆದ ಪ್ರತಿಮೆಗಳ ಕಥೆಯೂ ಬದಲಾಗುತ್ತಿದೆ. 1920ರ ದಶಕದಲ್ಲಿ ಗುಂಡಿಗಳಿಂದ ತೆಗೆದ ತುಂಡುಗಳ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ಸಂಶೋಧಕ ಜುನ್ ಯಿ ವಾಂಗ್ 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಲವು ಪ್ರತಿಮೆಗಳನ್ನು ಕುತ್ತಿಗೆ, ಸೊಂಟ, ಮೊಣಕಾಲಿನ ಹತ್ತಿರ ಮುರಿದಿದ್ದಾರೆ. ಮುಖಗಳು ಎಷ್ಟೋ ಕಡೆ ಹಾಗೇ ಇವೆ. ಗಂಡು ಫೇರೋಗಳ ಪ್ರತಿಮೆಗಳ ಶಕ್ತಿ ತೆಗೆಯಲು ಮಾಡುತ್ತಿದ್ದ ಪದ್ಧತಿಯೂ ಇದೇ. ಅವಳ ಮೇಲೆ ದಾಳಿ ನಡೆದದ್ದು ಸುಳ್ಳಲ್ಲ, ಆದರೆ ಪ್ರತಿಯೊಂದು ಬಿರುಕೂ ದ್ವೇಷದ್ದಲ್ಲ.

ಈಜಿಪ್ಟ್ ಯಾಕೆ, ನಮ್ಮ ಚಾಲುಕ್ಯರ ಅಕ್ಕಾದೇವಿ ಇಲ್ಲವೇ ಎಂದು ತಮ್ಮ ಪಕ್ಕದಲ್ಲಿರುವವರು ಕೇಳಬಹುದು. ಖಂಡಿತ ಇರಲಿ. ಕಿಸುಕಾಡು ನಾಡನ್ನು ಆಳಿದ ಆಕೆಯನ್ನು ಶಾಸನವೇ ರಣಭೈರವಿ ಎಂದು ಹೊಗಳಿದೆ. ಆದರೆ ಒಂದೇ ಕಲ್ಲನ್ನು ನೋಡಿ ವಿದ್ವಾಂಸರು ಮೊದಲು ಒಂದು, ಆಮೇಲೆ ಇನ್ನೊಂದು ಹೇಳಿದ್ದು ಹತ್‌ಶೆಪ್ಸುತ್ ವಿಷಯದಲ್ಲಿ ಇಷ್ಟು ಚೆನ್ನಾಗಿ ದಾಖಲಾಗಿದೆ. ಕ್ಲಿಯೋಪಾತ್ರಾ ಆಗಬಹುದಿತ್ತು, ಅವಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಗೆದ್ದ ರೋಮಿನ ಕಡೆಯವರು. ಆದರೆ ಅವಳ ಮೂಗು, ಚೆಲುವಿನ ಚರ್ಚೆಯಲ್ಲೇ ಪೀರಿಯಡ್ ಮುಗಿದುಹೋಗುತ್ತದೆ.

ಪುಟದಲ್ಲಿ ಕೆತ್ತಿ ತೆಗೆದ ಗೋಡೆಯ ಒಂದು ಫೋಟೋ ಹಾಕಿಸಿ. ಕೆಳಗೆ ಹಳೆಯ ವಿವರಣೆ, ಹೊಸ ವಿವರಣೆ ಎರಡೂ ಬರಲಿ. ಯಾವುದಕ್ಕೆ ಪುರಾವೆ ಹೆಚ್ಚು ಎಂದು ಮಕ್ಕಳೇ ನಾಲ್ಕು ಸಾಲು ಬರೆಯಲಿ. ಉತ್ತರಕ್ಕೆ ಅಂಕ ಕೊಡುವ ಕೆಲಸ ನಮಗೆ ಬಿಡಿ, ಕೀ ಉತ್ತರ ಮಾತ್ರ ಕಳಿಸಬೇಡಿ.

ಇಂತಿ,
ಒಬ್ಬ ಹೈಸ್ಕೂಲ್ ಸಮಾಜ ವಿಜ್ಞಾನ ಶಿಕ್ಷಕಿ