ಜೇಡಕ್ಕೆ ಮೊದಲು ಹೆದರಿದ್ದು ನಾನು

ಪುಟ್ಟಿ,

ಮೊದಲು ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಿನಗೆ 3 ವರ್ಷ ಇದ್ದಾಗ ಕಿಟಕಿ ಮೂಲೆಯ ಜೇಡಕ್ಕೆ ಬೆರಳು ತೋರಿಸಿ "ಅಮ್ಮಾ, ಇದ್ಯಾರು?" ಅಂತ ಕೇಳಿದ್ದೆ. 'ಯಾರು' ಅಂದಿದ್ದೆ, 'ಏನು' ಅಂದಿರಲಿಲ್ಲ. ನಾನು ಚಿಟ್ಟನೆ ಚೀರಿ, ನಿನ್ನನ್ನು ಎಳೆದುಕೊಂಡು, ಪೊರಕೆ ತಂದೆ. ಆಮೇಲೆ ನೀನೂ ಚೀರೋಕೆ ಶುರು ಮಾಡಿದೆ. ಎಲ್ಲರೂ "ಥೇಟ್ ಅಮ್ಮನೇ" ಅಂತ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಈಗ ನೋಡು, ಗಿಡದಲ್ಲಿರೋ ಜೇಡರ ಬಲೆ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಏಳೋದೇ ಇಲ್ಲ ನೀನು. ಎಲ್ಲಾ ಶುರುವಾಗಿದ್ದು ದೂರದಲ್ಲಿ ನಿಂತು ನೀನು ಕೇಳಿದ ಒಂದು ಪ್ರಶ್ನೆಯಿಂದ: ತನ್ನ ಬಲೆಗೆ ಜೇಡ ತಾನೇ ಯಾಕೆ ಅಂಟಿಕೊಳ್ಳಲ್ಲ? ನನಗೂ ಗೊತ್ತಿರಲಿಲ್ಲ, ಇಬ್ಬರೂ ಹುಡುಕಿ ಓದಿದೆವು. ನಡುವಿನಿಂದ ಹೊರಗೆ ಚಾಚುವ ಎಳೆಗಳಲ್ಲಿ ಅಂಟೇ ಇಲ್ಲ. ಸುತ್ತು ಹಾಕುವ ಎಳೆಯಲ್ಲಿ ಮಾತ್ರ ಅಂಟಿನ ಪುಟ್ಟ ಹನಿಗಳು, ಅದರ ಮೇಲೆ ಕಾಲಿಟ್ಟರೂ ತಾಗೋದು ಕಾಲಿನ ರೋಮದ ತುದಿಯಷ್ಟೇ. ಬಹುತೇಕ ಜೇಡಗಳಿಗೆ 8 ಕಣ್ಣು, ಆದರೆ ಹೀಗೆ ಬಲೆ ಹೆಣೆಯೋವಕ್ಕೆ ಸರಿಯಾಗಿ ಕಾಣಲ್ಲ. ಎಳೆ ನಡುಗಿದರೆ ಕಾಲಿಗೆ ಗೊತ್ತಾಗುತ್ತೆ, ಅವುಗಳ ಪ್ರಪಂಚ ಅಷ್ಟೇ.

"ಹಾಗಾದ್ರೆ ನಾನಿಲ್ಲಿರೋದು ಅದಕ್ಕೆ ಗೊತ್ತೇ ಇಲ್ವಾ?" ಅಂದೆ ನೀನು. ಒಂದು ಹೆಜ್ಜೆ ಮುಂದೆ ಬಂದೆ. ಇನ್ನೊಂದು ಹೆಜ್ಜೆ. ಆಮೇಲೆ ಸುಮ್ನಿರದೆ ಮೆಲ್ಲಗೆ ಊದಿದೆ. ಜೇಡ ಇಡೀ ಬಲೆಯನ್ನೇ ಉಯ್ಯಾಲೆ ಥರ ಜೋರಾಗಿ ಅಲ್ಲಾಡಿಸಿತು. ನೀನು ಹಿಂದಕ್ಕೆ ಹಾರಿ ಧೊಪ್ಪನೆ ಬಿದ್ದೆ. ನಾನು 'ಮುಗೀತು, ಇನ್ನು ಅಳು' ಅಂದುಕೊಂಡರೆ ನೀನು ಕಿಸಕ್ಕನೆ ನಕ್ಕು, ಎದ್ದು, ಇನ್ನೊಂದ್ಸಲ ಊದಿದೆ! (ಪಾಪ, ಅದಕ್ಕೆ ಜಾಸ್ತಿ ತೊಂದರೆ ಕೊಡಬೇಡ.)

ಭಯ ಪೂರ್ತಿ ಹೋಗಲಿ ಅಂತ ನನಗಿಲ್ಲ. ಕೆಲವು ಜೇಡ ಕಚ್ಚಿದರೆ ನಿಜಕ್ಕೂ ಅಪಾಯ. ಗೊತ್ತಿಲ್ಲದ್ದನ್ನು ಬರಿಗೈಲಿ ಮುಟ್ಟಬೇಡ, ಕಲ್ಲಿನ ಸಂದಿಗೆ ಬೆರಳು ತುರುಕಬೇಡ. ಅದು ಜಾಗ್ರತೆ, ನಾನು ನಿನಗೆ ಅಂಟಿಸಿದ್ದು ಬೇರೆ.

ನಿನ್ನೆ ರಾತ್ರಿ ಬಚ್ಚಲಲ್ಲಿ ಜೇಡ ಕಂಡಾಗ ನಾನು ಪೊರಕೆ ಹುಡುಕಲಿಲ್ಲ, ನಿನ್ನನ್ನು ಕೂಗಿದೆ. ನೀನು ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಬಿಡೋಕೆ ನನ್ನ ಕೈಗೇ ಕೊಟ್ಟೆ. ನನ್ನ ಕೈ ಗಡಗಡ ನಡುಗುತ್ತಿತ್ತು. ನೀನು ಪಿಸುಗುಟ್ಟಿದೆ: "ಅಮ್ಮಾ, ಅಲ್ಲಾಡಿಸ್ಬೇಡ. ಅದಕ್ಕೆ ಗೊತ್ತಾಗುತ್ತೆ."

ನಿನ್ನ
ಅಮ್ಮ