ಹಳೆಯ ಚಿತ್ರಕ್ಕೂ ಬೇಕು ಮರುವಿಮರ್ಶೆ

ಮಾನ್ಯರೇ,

ಹಳೆಯ ಚಲನಚಿತ್ರಗಳ ಮರುಬಿಡುಗಡೆ ಕುರಿತ ವರದಿಯಲ್ಲಿ ಗಳಿಕೆಯ ಲೆಕ್ಕವಿತ್ತೇ ಹೊರತು, ವಯಸ್ಸಾದ ಮೇಲೆ ಅದೇ ಚಿತ್ರ ಬೇರೆಯಾಗಿ ಕಾಣುವುದೇಕೆ ಎಂಬ ಮಾತೇ ಇರಲಿಲ್ಲ. 20ರ ಹರೆಯದಲ್ಲಿ ನಾನು ಚಪ್ಪಾಳೆ ತಟ್ಟಿದ್ದು ಮನೆ ಬಿಟ್ಟು ಹೊರಟ ನಾಯಕನಿಗೆ. ಮೊನ್ನೆ ಅದೇ ಚಿತ್ರ ನೋಡುವಾಗ ಕಣ್ಣು ನೆಟ್ಟಿದ್ದು ಬಾಗಿಲು ಮುಚ್ಚಲೂ ಮನಸ್ಸಾಗದೆ ಅಗುಳಿ ಹಿಡಿದು ನಿಂತ ಅಪ್ಪನ ಕೈಮೇಲೆ. ಆ ಕೈ ಅಂದೂ ಪರದೆಯ ಮೇಲಿತ್ತು; ನನಗೆ ಕಂಡಿರಲಿಲ್ಲ, ಅಷ್ಟೆ. ನಾಯಕಿಯ ಬೆನ್ನುಹತ್ತಿ ಕಾಡುವ ದೃಶ್ಯಕ್ಕೆ ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ಮಗಳ ಪಕ್ಕ ಕುಳಿತು ನೋಡಲು ಮುಜುಗರವಾಯಿತು.

ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ಇಳಿವಯಸ್ಸಿನಲ್ಲಿ ಹೆಚ್ಚಾಗಿ ಮರುಕಳಿಸುತ್ತವೆ ಎನ್ನುತ್ತದೆ ಮನೋವಿಜ್ಞಾನ. ಹಾಗಿದ್ದರೆ ನಾವು ಮೆಚ್ಚುವುದು ಚಿತ್ರವನ್ನೋ, ಅದನ್ನು ನೋಡಿದ ಕಾಲದ ನಮ್ಮನ್ನೋ ಎಂಬ ಅನುಮಾನ ಸಹಜ.

ಪತ್ರಿಕೆಯು ವಾರಕ್ಕೊಂದು ಹಳೆಯ ಚಿತ್ರವನ್ನು ಆಯ್ದು, ಬಿಡುಗಡೆಯ ಕಾಲದ ವಿಮರ್ಶೆಯನ್ನೂ ಹೊಸದಾಗಿ ಬರೆಸಿದ ವಿಮರ್ಶೆಯನ್ನೂ ಅಕ್ಕಪಕ್ಕ ಪ್ರಕಟಿಸಲಿ. ಸಾಧ್ಯವಾದರೆ, ಮೊದಲ ಸಲ ವಿಮರ್ಶೆ ಬರೆದವರಿಂದಲೇ ಎರಡನೆಯದನ್ನೂ ಬರೆಸಲಿ.

– ಓರ್ವ ಓದುಗ